ಮಸಿಯ ಉಂಗುರದೊಳಗೆ

ಆ ಕೋಣೆಯಲ್ಲಿ ಆಕಾಶ ಬೆಳ್ಳಗೆ, ನಕ್ಷತ್ರಗಳು ಕಪ್ಪಗೆ. ವೀಕ್ಷಣಾಲಯದ ಹಳೆಯ ಗಾಜಿನ ಫೋಟೊಗಳೆಲ್ಲ ಹಾಗೆಯೇ, ತಿರುವುಮುರುವು. ಅಡಿಯಿಂದ ಬೆಳಕು ಬರುವ ಮೇಜಿನ ಮೇಲೆ ಅವನ್ನಿಟ್ಟು, ಹಿಂಬದಿಯ ಜಿಡ್ಡನ್ನೂ ಹಿಂದಿನವರು ಮಸಿಯಲ್ಲಿ ಹಾಕಿದ ಗುರುತುಗಳನ್ನೂ ಒರೆಸಿ ಸ್ಕ್ಯಾನಿಂಗಿಗೆ ಕಳಿಸುವುದು ಸೊಸೆಯ ಕೆಲಸ. ಚಿತ್ರವಿರುವುದು ಇನ್ನೊಂದು ಮೈಯಲ್ಲಿ. ಎಷ್ಟು ಉಜ್ಜಿದರೂ ನಕ್ಷತ್ರಕ್ಕೆ ಏನೂ ಆಗದು. ಊಟವಾದ ಮೇಲೆ ಅಷ್ಟೊಂದು ನಕ್ಷತ್ರಗಳ ಮೇಲೆ ಬಗ್ಗಿ ಕೂತರೆ, ನೆಲದಿಂದ ಒಂದು ಗೇಣು ಮೇಲೆ ತೇಲುತ್ತಿದ್ದೇನೆ ಅನ್ನಿಸುತ್ತಿತ್ತು ಅವಳಿಗೆ.

ಅವತ್ತು ಎದುರಿಗೆ ಅತ್ತೆ ಕೂತಿದ್ದರು. ನಲವತ್ತು ವರ್ಷದ ಹಿಂದೆ ಇದೇ ಕೋಣೆಯಲ್ಲಿ ನಕ್ಷತ್ರ ಎಣಿಸಿದವರು. ಈಗ ಕಣ್ಣು ಪೂರಾ ಮಂಜು; ಬೆಳಕು ಯಾವುದು, ನೆರಳು ಯಾವುದು ಅನ್ನುವಷ್ಟೇ ಗೊತ್ತಾಗುತ್ತದೆ. ಮೇಜಿನ ಮೇಲಿದ್ದದ್ದು ಅವರು ಗುರುತು ಹಾಕಿದ್ದ ಗಾಜು. ದಕ್ಷಿಣದ ಆಕಾಶದ ಒಂದು ಮೂಲೆ, ಅಲ್ಲೊಂದು ಮಸಿಯ ಉಂಗುರ, ಉಂಗುರದೊಳಗೆ ಬೇಳೆಕಾಳಿನಂಥ ಒಂದು ಮಸುಕು. ಚಪ್ಪಟೆ, ನಡುವೆ ಉಬ್ಬು, ಸುರುಳಿಯ ಕೈಗಳಿಲ್ಲ. ಮಸೂರಾಕಾರದ ಗೆಲಾಕ್ಸಿ ಎಂದು ಅತ್ತೆ ಬರೆದಿಟ್ಟಿದ್ದರು. "ಯಾರದೋ ಹೆಬ್ಬೆಟ್ಟಿನ ಜಿಡ್ಡು, ಒರೆಸಿ ನೋಡಿ" ಎಂದು ಅಂದಿನ ಮುಖ್ಯಸ್ಥರು ಎಲ್ಲರೆದುರು ನಕ್ಕಿದ್ದರು. ಅತ್ತೆ ಒರೆಸಲಿಲ್ಲ. ಗಾಜನ್ನು ಕಪಾಟಿನ ತಳಕ್ಕೆ ಸೇರಿಸಿಬಿಟ್ಟರು.

"ಅಲ್ಲೊಂದು ಗೆಲಾಕ್ಸಿ ಇದೆ ಅಂತ ಈಗಿನ ಪಟ್ಟೀಲೇ ಇದೆಯಲ್ಲ ಅತ್ತೆ, ಮತ್ತೇನು ಚಿಂತೆ?" ಎಂದಳು ಸೊಸೆ.

"ಆಕಾಶದಲ್ಲಿ ಇರ್ಲಿ ಕಣೇ. ನಾನು ನೋಡಿದ್ದು ಅದನ್ನೋ, ಜಿಡ್ಡನ್ನೋ? ನಂಗೆ ಅದು ಗೊತ್ತಾಗ್ಬೇಕು."

"ಅವತ್ತೇ ಒರೆಸಿದ್ರೆ ಮುಗೀತಿತ್ತು."

"ಹೋಗ್ಬಿಟ್ಟಿದ್ರೆ?"

ಸೊಸೆ ಗಾಜನ್ನು ಬೆಳಕಿನ ನಡುವಿಗೆ ಸರಿಸಿದಳು. "ನಿಮ್ಮ ಮಗನ್ನೇ ಕರೀಲಾ? ಅವರೇ ನೋಡಿ ಹೇಳ್ಲಿ."

"ಅವನು ಬೇಡ. ನನ್ನ ಖುಷಿಗೆ ಏನು ಬೇಕಾದ್ರೂ ಹೇಳ್ತಾನೆ. ಹನ್ನೆರಡು ವರ್ಷದಲ್ಲಿ ನಿನ್ನ ಬಾಯಿಂದ ಒಂದು ಸಿಹಿ ಮಾತು ಬಂದಿಲ್ಲ. ನೀನೇ ಸರಿ."

ಇದು ಹೊಗಳಿಕೆಯೋ ಬೈಗುಳವೋ ತಿಳಿಯದೆ ಸೊಸೆ ಬಟ್ಟೆ ಒದ್ದೆ ಮಾಡಿಕೊಂಡಳು. ಇದ್ದದ್ದನ್ನು ಇದ್ದ ಹಾಗೆ ಹೇಳಿ ನೆಂಟರಿಷ್ಟರೆಲ್ಲರ ನಿಷ್ಠುರ ಕಟ್ಟಿಕೊಂಡವಳು ಅವಳು. ಇವತ್ತು ಮಾತ್ರ ಬಟ್ಟೆಯನ್ನು ಎರಡೆರಡು ಸಲ ಹಿಂಡಿದಳು.

ಉಂಗುರ ಮೊದಲು ನೀಲಿಯಾಗಿ ಹರಡಿತು, ಆಮೇಲೆ ಬಟ್ಟೆಗೆ ಬಂತು. ಅದರ ಜತೆ ಮಸುಕೂ ಕರಗಿದಂತೆ ಕಂಡು ಅವಳು ಕೈ ಹಿಂದೆಳೆದುಕೊಂಡಳು. ತೇವ ಆರಲೆಂದು ಕಾದಳು. ಮೇಜಿನ ಬಿಳಿ ಬೆಳಕು ಕೋಣೆಯ ತುಂಬ ಹರಡಿತ್ತು. ಗೋಡೆ ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು, ಒಂದೂ ತಿಳಿಯದು. ಇಬ್ಬರೂ ಆ ಬಿಳುಪಿನಲ್ಲಿ ತೇಲಿದರು. ಗಾಜು ಆರಿತು. ಒಣಬಟ್ಟೆಯಲ್ಲಿ ಬೆರಳು ನೋಯುವಷ್ಟು ಮತ್ತೆ ಉಜ್ಜಿದಳು. ಮಸುಕು ಅಲ್ಲೇ ಇತ್ತು. ಕೋಟ್ಯಂತರ ವರ್ಷ ದಾರಿ ನಡೆದು ಬಂದ ಬೆಳಕು, ಇಷ್ಟೇ ಇಷ್ಟು. ಗಾಜಿನ ಮೇಲೆ ಕಣ್ಣೀರು ಬೀಳದಂತೆ ಅವಳು ಮುಖ ಪಕ್ಕಕ್ಕೆ ತಿರುಗಿಸಿದಳು.

"ಇದೆ ಅತ್ತೆ," ಎಂದಳು ಮೆಲ್ಲಗೆ. "ಹಾಗೇ ಇದೆ."

ಅತ್ತೆಯ ಮುಖ ಬಾಡಿತು. "ಇಷ್ಟು ಮೆತ್ತಗೆ ಯಾವತ್ತು ಮಾತಾಡಿದ್ದೆ ನೀನು? ಹೋಯ್ತು, ಅಲ್ವಾ? ನಂಗೆ ಬೇಜಾರಾಗುತ್ತೆ ಅಂತ..." ಅವರು ಎದ್ದು ಚೀಲಕ್ಕಾಗಿ ತಡಕಾಡತೊಡಗಿದರು.

ಸೊಸೆ ಕಣ್ಣೊರೆಸಿಕೊಂಡಳು, ಗಂಟಲು ಸರಿಮಾಡಿಕೊಂಡಳು, ಬಟ್ಟೆಯನ್ನು ಮೇಜಿನ ಮೇಲೆ ರಪ್ಪನೆ ಎಸೆದಳು. "ಇದೆ ಅಂದ್ನಲ್ಲ! ಎಷ್ಟು ಸಲ ಒದರ್ಬೇಕು? ಕಣ್ಣಂತೂ ಹೋಯ್ತು, ಈಗ ಕಿವೀನೂ ಹೋಯ್ತಾ ನಿಮಗೆ?"

ಅತ್ತೆಯ ಕೈ ನಿಂತಿತು. ನಿಧಾನವಾಗಿ ಕುರ್ಚಿಗೆ ಒರಗಿ ಕೂತರು. ಮುಖವೆಲ್ಲ ನಗುವಾಯಿತು.

"ಬೈಯಿ," ಎಂದರು. "ಇನ್ನೊಂದ್ಸಲ ಬೈಯಿ."