ಮುಸ್ಸಂಜೆಯ ಗಾಳಿಬಲ್ಬು

ಆ ವರ್ಷದ ಆಷಾಢದ ಗಾಳಿ ಎಂಥದೆಂದರೆ, ಮೂಗಿಗೆ ಧೂಳು ಹೊಕ್ಕು ಚಾಮುಂಡಿ ಬೆಟ್ಟದ ಕಲ್ಲುಬಸವನೇ ಸೀನಿಬಿಟ್ಟ! ಹಿನಕಲ್‌ನಲ್ಲಿ ಒಣಹಾಕಿದ ಪಂಚೆ ಅಶೋಕಪುರಂಗೆ ಹಾರಿಬಂದು ತಾನೇ ಮಡಿಸಿಕೊಂಡು ಕೂತಿತು. ಅಂಥ ಗಾಳಿಯನ್ನು ಹಿಡಿದು ಪಳಗಿಸಿದವನು ಅಲ್ಲಿಯ ಸೈಕಲ್ ರಿಪೇರಿಯ ಚಾಮಯ್ಯ. ಎಣ್ಣೆಡಬ್ಬದ ತಗಡು ಕತ್ತರಿಸಿ ರೆಕ್ಕೆ ಮಾಡಿದ, ಸೈಕಲ್ ಡೈನಮೋಗೆ ಜೋಡಿಸಿದ, ಬಿದಿರಿಗೆ ಬಿಗಿದು ಸೂರಿನ ಮೇಲೆ ನಿಲ್ಲಿಸಿದ. ಗಾಳಿ ಬೀಸಿದಾಗ ಮನೆಯೊಳಗೆ ಕಡಲೆಗಾತ್ರದ ಬಲ್ಬು ಉರಿಯಿತು.

"ಇದರ ಮುಂದೆ ಅರಮನೆ ದಸರಾ ದೀಪ ಮಿಣುಕುಹುಳ ಕಣ್ರೋ!" ಎಂದು ಬೀದಿಗೆಲ್ಲ ಸಾರಿದ.

ಹೆಂಡತಿ ಇಂದ್ರಮ್ಮ ನಗಲಿಲ್ಲ. ಬುಡ್ಡಿದೀಪದ ಹೊಗೆಯಲ್ಲಿ ಊದುಬತ್ತಿ ಹೊಸೆದು ಹೊಸೆದು ಅವಳ ಕಣ್ಣು ಮಂಜಾಗಿತ್ತು.

"ಗಾಳಿ ನಿಂತ್ರೆ ನಿಮ್ ಬಲ್ಬೂ ಸತ್ತೋಯ್ತದೆ. ನನ್ ಕಣ್ಣು ಪೂರ್ತಿ ಹೋಗೋಕ್ಮುಂಚೆ ಬೀದಿಗೆ ಕರೆಂಟು ಕಂಬ ಬರಂಗೆ ಮಾಡಿ."

ಕಂಬದ ವಿಚಾರಕ್ಕೆ ಲೈಟಾಫೀಸಿನ ಸಾಹೇಬರು ಒಂದು ಸಂಜೆ ಬಂದೇಬಿಟ್ಟರು. ಇಂದ್ರಮ್ಮ ಆಗಷ್ಟೇ ದೇವರ ಮುಂದೆ ದೀಪ ಹಚ್ಚಿದ್ದಳು.

"ಏನಯ್ಯಾ, ಇಲ್ಲಿ ಲೈಟು ಇದೆಯೋ ಇಲ್ವೋ?"

ಚಾಮಯ್ಯ ಬಾಯಿ ತೆರೆಯುವಷ್ಟರಲ್ಲಿ ಇಂದ್ರಮ್ಮ ಹಿಂದಿನಿಂದ ಅಂಗಿ ಜಗ್ಗಿದಳು. "ದೀಪ ಹಚ್ಚೋ ಹೊತ್ತು ಕಣ್ರೀ, ಇಲ್ಲ ಅನ್ಬ್ಯಾಡಿ!" ಮುಸ್ಸಂಜೆ ಹೊತ್ತಿನಲ್ಲಿ ಅಕ್ಕಿಮಡಕೆ ಬರಿದಾಗಿದ್ದರೂ 'ತುಂಬಿದೆ' ಎನ್ನುವುದು ಆ ಮನೆಯ ರೂಢಿ.

"ಇದೆ ಸ್ವಾಮಿ," ಎಂದ. ಅಷ್ಟಕ್ಕೇ ಸುಮ್ಮನಾಗಿದ್ದರೆ ಅವನು ಚಾಮಯ್ಯನೇ? "ಇಡೀ ಮೈಸೂರಿಗೇ ಹಂಚೋವಷ್ಟಿದೆ!"

ಹಾಳು ಗಾಳಿಯೂ ಅದೇ ಗಳಿಗೆಗೆ ಬೀಸಬೇಕೇ? ಬಲ್ಬು ಝಗ್ಗನೆ ಹೊತ್ತಿತು. ಸಾಹೇಬರು ಅದಕ್ಕೆ ಭಕ್ತಿಯಿಂದ ಕೈಮುಗಿದು ಹೊರಟರು.

ಕಂಬಗಳು ಪಕ್ಕದ ಬಡಾವಣೆಗೆ ಹೋದವು. ಚಾಮಯ್ಯ ಆಫೀಸಿಗೆ ಓಡಿದ.

"ಮುಸ್ಸಂಜೆ ಇಲ್ಲ ಅನ್ಬಾರ್ದು ಅಂತ ಅಂಗಂದ್ಬುಟ್ಟೆ ಸ್ವಾಮಿ."

ಸಾಹೇಬರು ನಕ್ಕರು. "ನಂಗೊತ್ತಿಲ್ವೇನಯ್ಯಾ? ನಮ್ಮನೇಲೂ ಅನ್ನಲ್ಲ."

"ಮತ್ತೆ..."

"ಇದ್ದ ಕಂಬಗಳೇ ಕಮ್ಮಿ. ನೀನೇ ಇದೆ ಅಂದ್ಮೇಲೆ ನನಗೂ ಸಲೀಸಾಯ್ತು."

ಕಾರ್ತಿಕದಲ್ಲಿ ಗಾಳಿ ಎಷ್ಟು ಸತ್ತಿತೆಂದರೆ, ಸೊಳ್ಳೆಗಳು ಹಾರಲಾರದೆ ನಡೆದುಕೊಂಡೇ ಬಂದು ಕಚ್ಚುತ್ತಿದ್ದವು. ತಗಡಿನ ರೆಕ್ಕೆಯ ಮೇಲೆ ಕಾಗೆ ಸಂಸಾರ ಹೂಡಿತು. ಪಕ್ಕದ ಬಡಾವಣೆ ಮದುವೆಮನೆಯಂತೆ ಬೆಳಗುತ್ತಿತ್ತು.

ಒಂದು ಮುಸ್ಸಂಜೆ ಚಾಮಯ್ಯ ತಾನೇ ಬುಡ್ಡಿ ಹಚ್ಚಿ ಹೆಂಡತಿಯ ಮುಂದಿಟ್ಟ. ಅವಳ ಕೈ ಊದುಬತ್ತಿಯ ಕಡ್ಡಿಗಾಗಿ ನೆಲವನ್ನೆಲ್ಲ ತಡಕಾಡುತ್ತಿತ್ತು. ಕಡ್ಡಿ ಮಡಿಲಲ್ಲೇ ಇತ್ತು.

"ಇಂದ್ರೀ, ದೀಪ ಕಾಣ್ತಾ ಅದಾ?"

ಇಂದ್ರಮ್ಮ ಮುಖವೆತ್ತಿದಳು.

"ಇಲ್ಲ," ಎಂದಳು.