ಪೆರುಗು ಎಂಬ ಪದದ ಅರ್ಥ

ನನ್ನ ಹೆಂಡತಿ ಆದೆಮ್ಮ ತೀರಿಕೊಂಡ ಸುದ್ದಿ ಬಂದ ಬೆಳಿಗ್ಗೆ ನಾನು ಹಿಂದೂಪುರದ ಮನೆಯ ಬಾಗಿಲಲ್ಲಿ ಮೊಸರಿನವಳನ್ನು ಗದರಿಸಿ ಕಳಿಸುತ್ತಿದ್ದೆ. ಆದೆಮ್ಮ ಒಂದು ತಿಂಗಳಿಂದ ಕಲ್ಯಾಣದುರ್ಗದಲ್ಲಿ, ಮಗಳು ರೇವತಿಯ ಮನೆಯಲ್ಲಿ ಮಲಗಿದ್ದಳು. ಏಕಾದಶಿ ಪೂಜೆ ತಪ್ಪಬಾರದೆಂದು ನಾನು ಹಿಂದಿನ ದಿನ ಊರಿಗೆ ಬಂದಿದ್ದೆ. ದೇವರು ನನ್ನ ಒಂದು ಹಿಡಿ ತುಳಸಿಗಾಗಿ ಕಾದು ಕುಳಿತಿದ್ದಾನೆಂದು ನಂಬಿದ ಭಕ್ತ ನಾನು.

"ಅಪ್ಪಾ, ಅಮ್ಮ ಹೋಗ್ಬುಟ್ಲು," ಎಂದಳು ರೇವತಿ ಫೋನಿನಲ್ಲಿ.

ಎಲ್ಲಿಗೆ ಎಂದು ಕೇಳಿದೆ.

ಪದಗಳ ಅರ್ಥ ಹೇಳುವುದರಲ್ಲಿ ನಾನು ಬೀದಿಗೇ ದೊಡ್ಡವನು. ಮೂವತ್ತು ವರ್ಷ ಭಜನೆ ಮಂದಿರದಲ್ಲಿ ಪುರಾಣ ಓದಿ, ಕನ್ನಡದಲ್ಲೂ ತೆಲುಗಿನಲ್ಲೂ ಅರ್ಥ ಬಿಡಿಸಿದವನು.

ಮುಟ್ಟು ನಿಂತು ಹನ್ನೆರಡು ವರ್ಷವಾದ ಮೇಲೆ ಆದೆಮ್ಮನಿಗೆ ಮತ್ತೆ ರಕ್ತ ಕಾಣಿಸಿಕೊಂಡಿತ್ತು. ರೇವತಿ ಬಂದು ಡಾಕ್ಟರಮ್ಮನ ಬಳಿ ಕರೆದೊಯ್ದಳು. ಹೆಂಗಸರ ವಿಷಯವೆಂದು ನಾನು ಪರದೆಯ ಈಚೆ ಜಪ ಮಾಡುತ್ತ ಕುಳಿತೆ. ಒಂದು ಕಿವಿ ಜಪಕ್ಕೆ, ಒಂದು ಕಿವಿ ಪರದೆಗೆ. ಡಾಕ್ಟರಮ್ಮ ತೆಲುಗಿನಲ್ಲಿ "ಪೆರುಗು, ಪೆರುಗು" ಎಂದದ್ದು ಕೇಳಿಸಿತು. ಆಮೇಲೆ "ಆಪಾಲಿ" ಎಂದದ್ದು. ಪೆರುಗು ಎಂದರೆ ಮೊಸರು, ಆಪಾಲಿ ಎಂದರೆ ನಿಲ್ಲಿಸಬೇಕು. ಪಂಡಿತನಿಗೆ ಇನ್ನೇನು ಬೇಕು? ಅಂದಿನಿಂದ ಮನೆಯಲ್ಲಿ ಮೊಸರು ಬಂದ್.

"ಮೊಸ್ರು ಬೀಳ್ದಿದ್ರೆ ಊಟ ಮುಗೀತು ಅಂತ ಹೊಟ್ಟೆಗೆ ಹೆಂಗೆ ಗೊತ್ತಾಗ್ಬೇಕು?" ಎಂದಳು ಆದೆಮ್ಮ. "ಇನ್ನೂ ಅನ್ನ ಬತ್ತದೆ ಅಂತ ಕಾಯ್ತಾನೇ ಇರ್ತದೆ."

"ಡಾಕ್ಟರಮ್ಮ ಹೇಳವ್ರೆ ಕಣೇ."

ಅವಳು ನನ್ನ ಮುಖ ನೋಡಿ ನಕ್ಕಳು. ಆಪರೇಷನ್ ಆಯಿತು, ಔಷಧಿಯಾಯಿತು. ಅದೆಲ್ಲವನ್ನೂ ಮಗಳೇ ನೋಡಿಕೊಂಡಳು. ನಾನು ಮೊಸರನ್ನು ನೋಡಿಕೊಂಡೆ.

ಹನ್ನೊಂದನೆಯ ದಿನ ಕಲ್ಯಾಣದುರ್ಗದಲ್ಲಿ ರೇವತಿ ತಾಯಿಗೆ ಎಡೆ ಇಟ್ಟಳು. ಕೊನೆಗೆ ಮೊಸರನ್ನ ಬಡಿಸಲು ಬಂದಾಗ ನಾನು ತಡೆದೆ.

"ಅದ್ನ ತಗಿ. ಅವಳ ಕಾಯಿಲೆಗೆ ಅದೇ ಮೂಲ."

"ಯಾರಪ್ಪ ಹಂಗಂದೋರು?"

"ಡಾಕ್ಟರಮ್ಮ. ಪೆರುಗು ಆಪಾಲಿ ಅಂತ. ಕಿವಿಯಾರೆ ಕೇಳಿದೀನಿ."

ರೇವತಿ ಸೌಟು ಕೆಳಗಿಟ್ಟಳು. "ನಾನು ಒಳಗೇ ಇದ್ದೆ ಕಣಪ್ಪ. ಗರ್ಭಕೋಶದ ಒಳಪದರಕ್ಕೆ ಒಂದು ಹಾರ್ಮೋನು 'ಬೆಳಿ, ಬೆಳಿ' ಅಂತ ಹೇಳಿ ಕಳಿಸ್ತದಂತೆ. ಇನ್ನೊಂದು 'ಸಾಕು' ಅಂತದಂತೆ. ಮುಟ್ಟು ನಿಂತ್ಮೇಲೆ ಸಾಕು ಅನ್ನೋದು ಇಲ್ದಂಗಾಯ್ತದೆ. ಬೆಳಿ ಅನ್ನೋದು ಮಾತ್ರ ಮೈಕೊಬ್ಬಿನಿಂದ ಬತ್ತಾನೇ ಇರ್ತದೆ. ಅಮ್ಮನ ಜೀವಕೋಶ ಆ ಮಾತು ಕೇಳ್ಕೊಂಡು ಬೆಳೀತಾನೇ ಹೋಗಿ ಕ್ಯಾನ್ಸರ್ ಆಯ್ತು. ಆ ಬೆಳೆಯೋದ್ನ ನಿಲ್ಲಿಸ್ಬೇಕು ಅಂದ್ರು. ಪೆರುಗು ಅಂದ್ರೆ ಬೆಳಿ ಅಂತಾನೂ ಅಲ್ವೇನಪ್ಪ?"

ಹೌದು. ವಾಮನ ಮೂರು ಲೋಕಕ್ಕೆ ಬೆಳೆದ ಕಥೆಯಲ್ಲಿ ಅದೇ ತೆಲುಗು ಮಾತನ್ನು ಅರ್ಧ ಗಂಟೆ ವಿವರಿಸಿದ್ದೆ. ಅಲ್ಲಿ ವಾಮನ ಮೊಸರಾಗಿರಲಿಲ್ಲ.

"ನಿಮ್ಮಮ್ಮಂಗೆ ಗೊತ್ತಿತ್ತಾ?"

"ಮೊದಲ್ನೇ ದಿನದಿಂದ್ಲೇ. ನಾನು ಹೇಳ್ತೀನಿ ಅಂದ್ರೆ ಬ್ಯಾಡ ಅಂದ್ಲು. 'ಪಾಪ, ನಿಮ್ಮಪ್ಪಂಗೆ ನನಗೋಸ್ಕರ ಮಾಡಾಕೆ ಅದೊಂದು ಕೆಲ್ಸ ಸಿಕ್ಕದೆ, ಮಾಡ್ಕಳ್ಳಿ ಬಿಡು' ಅಂತ. ಇಲ್ಲಿಗೆ ಬಂದಾಗೆಲ್ಲ ಎರಡು ಬಟ್ಲು ತಿಂತಿದ್ಲು."

"ಕೊನೇ ದಿನ?"

"ನಾಕು ಚಮ್ಚ. ಆಮೇಲೆ ಸಾಕು ಅಂದ್ಲು."

ಸೌಟನ್ನು ತೆಗೆದುಕೊಂಡು ನಾನೇ ಬಡಿಸಿದೆ. ಮೊಸರು ಎಲೆಯ ತುಂಬ ಹರಿಯಿತು.

ನಾರಾಯಣಾ, ಅರ್ಧ ಕೇಳಿಸಿಕೊಂಡು ಪೂರ್ತಿ ಅರ್ಥ ಹೇಳಿದವನ ಬೇಡಿಕೆ ಇದು. ನೀನಾದರೂ ಪೂರ್ತಿ ಕೇಳು. ಆದೆಮ್ಮನ ಊಟ ಮುಗಿದಿದೆ. ಅವಳ ಆತ್ಮಕ್ಕೆ ಶಾಂತಿ ಕೊಡು.