ಹಗ್ಗದ ಮೇಲಿನ ಹಸಿರಂಗಿಗಳು

ಮೆರ್ವಿನ್ ಗಿಲ್ಲಿಲ್ಯಾಂಡ್ ಬ್ರಿಟಿಷ್ ಸೈನ್ಯದಲ್ಲಿದ್ದು, ಆಮೇಲೆ ಉತ್ತರ ಐರ್ಲೆಂಡಿನ ಪೊಲೀಸಿಗೆ ಸೇರಿದವನು. ಸೈನ್ಯದ ಪದಕ ಒಂದು, ಉರಿಯುತ್ತಿದ್ದ ಹೆಂಡದಂಗಡಿಯಿಂದ ಜನರನ್ನು ಎಳೆದು ತಂದದ್ದಕ್ಕೆ ರಾಣಿ ಕೊಟ್ಟದ್ದು ಇನ್ನೊಂದು. ಟೈರೋನ್ ಜಿಲ್ಲೆಯಲ್ಲಿ ಅವನಿದ್ದ ಬೀದಿಯಲ್ಲಿ ಎರಡನ್ನೂ ಯಾರೂ ಕಂಡಿರಲಿಲ್ಲ. ಬೀದಿಯವರ ಪಾಲಿಗೆ ಅವನು ಟ್ರ್ಯಾಕ್ಟರ್ ಬಿಡಿಭಾಗ ಮಾರುವವನು. ಬ್ರಿಟಿಷ್ ಆಳ್ವಿಕೆಯ ವಿರುದ್ಧ ಬಂಡೆದ್ದವರು ಪೊಲೀಸನೆಂದು ಗೊತ್ತಾದವನ ಕಾರಿನಡಿ ಬಾಂಬಿಡುತ್ತಿದ್ದ ಹಾಳು ಕಾಲ ಅದು. ಹೆಂಡತಿ ಹೇಜಲ್ ಅವನ ಸಮವಸ್ತ್ರದ ಹಸಿರಂಗಿಗಳನ್ನು ಅಡುಗೆಮನೆಯಲ್ಲೇ ಒಲೆಯ ಕಾವಿಗೆ ಒಣಗಿಸುತ್ತಿದ್ದಳು. ಪೊಲೀಸರ ಹೆಂಡಿರೆಲ್ಲ ಹಾಗೇ ಮಾಡುತ್ತಿದ್ದರು.

ಮಗಳ ಮನೆಗೆಂದು ಸ್ಕಾಟ್ಲೆಂಡಿನಿಂದ ಬಂದಿದ್ದ ಅತ್ತೆಗೆ ಇದೆಲ್ಲ ಎಲ್ಲಿ ಗೊತ್ತು?

"ಏನ್ ಬಿಸಿಲು ನೋಡಪ್ಪಾ! ಒಳಗಿಟ್ಟು ಯಾಕೆ ಮುಗ್ಗಲು ಹಿಡಿಸ್ತೀರಿ? ನಿನ್ನ ಅಂಗಿನೆಲ್ಲಾ ಹೊರಗೆ ಹಾಕಿದೀನಿ," ಎಂದು ಅವಳು ಹೆಮ್ಮೆಯಿಂದ ಹೇಳಿದ್ದೇ ತಡ, ಮೆರ್ವಿನ್ ಹಿತ್ತಲಿಗೆ ಓಡಿದ. ಹಗ್ಗದ ಮೇಲೆ ದುಪ್ಪಟಿಗಳಿದ್ದವು, ಅಂಗಿಗಳಿರಲಿಲ್ಲ.

ಬೇಲಿಯಾಚೆಯ ಮುದುಕಿ ಬ್ರಿಜಿಡ್ ಮೆಕಲೀರ್ ಬುಟ್ಟಿ ಹಿಡಿದು ಬಂದಳು. ಮೇಲೆ ಟವೆಲು ಮುಚ್ಚಿತ್ತು.

"ತಗೊ. ಇಸ್ತ್ರಿನೂ ಮಾಡಿದೀನಿ."

"ನಿಮಗೆ ಗೊತ್ತಿತ್ತಾ?"

"ಒಂದು ಬೋಲ್ಟು ಬಿಗಿಯೋಕೆ ಬರದವನು ಟ್ರ್ಯಾಕ್ಟರ್ ಸಾಮಾನು ಮಾರ್ತಾನಂತೆ! ಬಂದ ವರ್ಷವೇ ಗೊತ್ತಾಯ್ತು ಮಾರಾಯ," ಎಂದು ನಕ್ಕಳು. "ನಮ್ಮ ಹುಡುಗ ಫರ್ಗಲ್ ಊಟಕ್ಕೆ ಬರೋ ಹೊತ್ತು. ಅವನ ಕಣ್ಣಿಗೆ ಬೀಳೋ ಮುಂಚೆ ಬೇಲಿ ದಾಟಿ ಬಂದು ಎತ್ಕೊಂಡು ಹೋದೆ, ಈ ಮಂಡಿನೋವಲ್ಲಿ."

ಆಡಿದ ಮೇಲೆ ಅವಳ ನಗು ಆರಿತು. ಹೆತ್ತವಳು ಮಗನ ಕಣ್ಣಿಗೆ ಯಾಕೆ ಹೆದರಬೇಕು? ಫರ್ಗಲ್ ಬಾಂಬಿಡುವವರ ಜೊತೆಗಿದ್ದಾನೆಂದು ಪೊಲೀಸನಿಗೆ ಬಿಡಿಸಿ ಹೇಳಬೇಕಿರಲಿಲ್ಲ.

"ಇರೋನು ಅವನೊಬ್ಬನೇ, ಮೆರ್ವಿನ್."

"ನನಗೇನೂ ಕೇಳಿಸಲಿಲ್ಲ, ಬ್ರಿಜಿಡ್."

ಆ ವಾರವೇ ಗಂಡಹೆಂಡಿರು ಮನೆ ಖಾಲಿ ಮಾಡಿದರು. ಮೇಲಧಿಕಾರಿಗಳೆದುರು ಮೆರ್ವಿನ್ ಫರ್ಗಲ್‌ನ ವಿಷಯ ಬಾಯಿ ಬಿಡಲಿಲ್ಲ. ಪ್ರಾಣ ಉಳಿಸಿದವಳ ಮಗನನ್ನು ಹಿಡಿದುಕೊಡುವುದು ಯಾವ ಮನುಷ್ಯನ ಕೆಲಸ? ಅವನಿಗೆ ನೆಮ್ಮದಿಯಾಗಿ ನಿದ್ದೆಯೂ ಬರುತ್ತಿತ್ತು.

ಮುಂದಿನ ವಸಂತದಲ್ಲಿ ಅವನ ಠಾಣೆಯದೇ ಪೇದೆಯೊಬ್ಬ, ಆಗಷ್ಟೇ ಮದುವೆಯಾದವನು, ಬೆಳಿಗ್ಗೆ ಕಾರಿನ ಕೀಲಿ ತಿರುಗಿಸಿದ. ಶವಪೆಟ್ಟಿಗೆಯಲ್ಲಿ ಹಾಕಲು ಹೆಚ್ಚೇನೂ ಸಿಗಲಿಲ್ಲ. ಎರಡು ದಿನದಲ್ಲಿ ಫರ್ಗಲ್ ಸಿಕ್ಕಿಬಿದ್ದು, ಬಾಂಬಿಟ್ಟದ್ದು ತಾನೇ ಎಂದು ಒಪ್ಪಿಕೊಂಡ.

ಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಮೆರ್ವಿನ್ ಮುಂದಿದ್ದ. ಮಣ್ಣು ಮಾಡಿದ ಮೇಲೆ ಸತ್ತವನ ಎಳೆಯ ಹೆಂಡತಿ ಅವನ ಕೈ ಹಿಡಿದುಕೊಂಡು ಬಿಡಲೇ ಇಲ್ಲ.

"ಯಾರಾದ್ರೂ ಒಬ್ಬರಿಗೆ, ಒಬ್ಬರಿಗೆ ಮುಂಚೆನೇ ಗೊತ್ತಿದ್ದಿದ್ರೆ ಸಾರ್..."

"ಹೌದಮ್ಮಾ," ಎಂದ ಮೆರ್ವಿನ್.